ಮೂರು ಸಾವಿರ

ಮುಳ್ಳು ಮೂರು ಸಾವಿರಕ್ಕೆ ಬಂದು
ಅಲ್ಲೇ ಕೂತುಬಿಡುತ್ತದೆ.
ಥ್ರಾಟಲ್ ಕೊನೆಮುಟ್ಟ ಒತ್ತಿದರೂ
ಬೋಟು ಮೂಗು ಮೇಲೆ, ಬಾಲ ಕೆಳಗೆ,
ಗಬ್ಬದ ಎಮ್ಮೆಯ ಹಾಗೆ ನೀರು ತಳ್ಳಿಕೊಂಡು ಹೋಗುತ್ತದೆ.
ಹಗ್ಗದ ತುದಿಯಲ್ಲಿ, ಹಲಗೆಗೆ ಕಾಲು ಬಿಗಿದುಕೊಂಡ ಐರೀನ್
ಕತ್ತಿನವರೆಗೂ ಕೆರೆಯಲ್ಲೇ.
ಏಳು, ಏಳು ಅಂತಾರೆ ದಡದಲ್ಲಿ ನಿಂತವರು.
ಎಳೆಯದೆ ಏಳೋದು ಹೇಗೆ ಸ್ವಾಮಿ?

ನಾನು ಕಲಾಸಿಪಾಳ್ಯದ ಲಾರಿ ಫಿಟ್ಟರು, ಪಿಳ್ಳಪ್ಪ.
ಬೋಟಿಗೆ ಸ್ಪ್ಯಾನರ್ ಹಾಕಿದ್ದು ಇದೇ ಮೊದಲು.
ಯಲಹಂಕದಾಚೆಯ ಈ ಕೆರೆಗೆ ಕೊಚ್ಚಿಯಿಂದ
ಟ್ರೈಲರ್ ಮೇಲೆ ಮಲಗಿಕೊಂಡು ಬಂತಂತೆ, ಟಾರ್ಪಾಲು ಹೊದ್ದು.

ಮೊದಲು ಫ್ಯಾನು. ಸಾದತ್ ಮುಳುಗಿ ಕೈಹಾಕಿ ಎಳೆದ:
ಅಂತರಗಂಗೆಯ ಬೇರು, ಗಾಳಿಪಟದ ಮಾಂಜಾ,
ಯಾವುದೋ ಗಣಪತಿಯ ಕೊರಳ ಜರಿಹಾರ,
ಶಾಫ್ಟಿಗೆ ಸುತ್ತಿ ಸುತ್ತಿ ಹುರಿಯಾಗಿತ್ತು.
ಇದೇ ನೋಡಿ ಅಂದೆ. ಕುಟ್ಟಪ್ಪನವರು ಟೀ ತರಿಸಿದರು.
ಟೀ ಆರುವ ಮುಂಚೆ ಮತ್ತೆ ಮೂರು ಸಾವಿರ.

ಆಮೇಲೆ ಪೆಟ್ರೋಲು. ಹಾರ್ಲಿಕ್ಸ್ ಬಾಟಲಿಗೆ ಬಸಿದು
ಬಿಸಿಲಿಗೆ ಹಿಡಿದೆ. ನೀರು ಸೇರಿದ್ದರೆ
ತಳದಲ್ಲೊಂದು ಕಣ್ಣು ಬಿಡುತ್ತದೆ.
ಬಿಡಲಿಲ್ಲ.
ಪ್ಲಗ್ಗು ಎಂಟೂ ಬಿಚ್ಚಿ ಪೇಪರಿನ ಮೇಲೆ ಸಾಲಾಗಿ ಇಟ್ಟೆ,
ಎಲ್ಲದರ ತುದಿಯೂ ಹುರಿಗಡಲೆ ಬಣ್ಣ. ಬೈಯಲು ಒಂದೂ ಇಲ್ಲ.
ಕಂಪ್ರೆಶನ್ ಸರಿ. ಫಿಲ್ಟರು ಹೊಸದು.
ಕೇಬಲ್ ಎಳೆದರೆ ಎಂಜಿನ್ನು ಬಾಯಿ ಪೂರ್ತಿ ತೆರೆಯುತ್ತದೆ
ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ.
ಕಾದಿದೆಯೆ? ಮುಟ್ಟಿ ನೋಡಿದೆ.
ನನ್ನ ತಲೆಗಿಂತ ತಣ್ಣಗಿತ್ತು.

ಕೊಚ್ಚಿಯವನಿಗೆ ಫೋನು ಹಚ್ಚಿದರು. ಅಯ್ಯೋ, ಇಲ್ಲಿ ಹಾರ್ತಿತ್ತು ಅಂದ.
ಟೂಲ್ ಪೆಟ್ಟಿಗೆ ಹೊತ್ತು ಕೆರೆ ಏರಿ ಹತ್ತುವಾಗ
ಅರ್ಧದಲ್ಲಿ ಉಸಿರು ಹಿಡಿದುಕೊಂಡಿತು, ನಿಂತೆ.
ನಿಂತಲ್ಲೇ ನೆನಪಾಯಿತು: ನನ್ನ ಮೇಸ್ತ್ರಿ ಆರೋಗ್ಯಸಾಮಿ,
ಕೃಷ್ಣಗಿರಿಯಿಂದ ಏದುತ್ತ ಬಂದ ಹಳೇ ಲಾರಿಗಳ
ಬಾನೆಟ್ ತಟ್ಟಿ ಅನ್ನುತ್ತಿದ್ದ ಮಾತು:
ಗಾಡಿ ಕೆಟ್ಟಿಲ್ಲ ಕಣೋ. ಊರು ಎತ್ತರ.

ಮೂರು ಸಾವಿರ ಅಡಿ!
ಇಲ್ಲೇ ಹುಟ್ಟಿದವರಿಗೆ ಅದು ತಿಳಿಯೋದೇ ಇಲ್ಲ,
ಗುಡ್ಡ ಕಾಣುವುದು ಕೆಳಗಿದ್ದವರಿಗೆ.
ಕೆರೆಯನ್ನು ಕೇಳಿ ನೋಡಿ. ಯಾವ ಎತ್ತರದಲ್ಲಿದ್ದರೂ
ಚಪ್ಪಟೆಯಾಗೇ ಮಲಗಿರುತ್ತದೆ, ಏನೂ ಗೊತ್ತಿಲ್ಲದವರ ಹಾಗೆ.
ಗಾಳಿಗೆ ಮಾತ್ರ ಗೊತ್ತು. ಸೇರು ತುಂಬ ಅಳೆಯಬೇಕಾದ್ದು
ಒಂದು ಬೆರಳು ಕಮ್ಮಿ ಅಳೆಯುತ್ತದೆ.
ಬೋಟಿನ ಹತ್ತು ಕುದುರೆಗೆ ಒಂದು ಕುದುರೆ
ಹೊಸೂರಿನ ಏರಿನಲ್ಲೇ ನಿಂತುಬಿಟ್ಟಿದೆ.

ಫ್ಯಾನಿನ ರೆಕ್ಕೆ ಸಮುದ್ರಕ್ಕೆ ಬಗ್ಗಿಸಿದ್ದು,
ಒಂದೊಂದು ಸುತ್ತಿಗೂ ಜಾಸ್ತಿ ಬಾಚುವ ಆಸೆ ಅದಕ್ಕೆ.
ಎರಡಿಂಚು ಕಮ್ಮಿ ಬಾಚುವಂಥದ್ದು ತರಿಸಿ ಅಂದೆ.
ಓಟ ಇಳಿಯುತ್ತೆ. ಆದರೆ ಏಳುತ್ತೆ.
ಪಾರ್ಸೆಲ್ ಬರಲು ಹದಿನೈದು ದಿನ.
ಅಲ್ಲಿವರೆಗೆ ಹೊಟ್ಟೆಯ ಚೀಲಗಳನ್ನಾದರೂ ಖಾಲಿ ಮಾಡೋಣ:
ಅಲೆ ದೊಡ್ಡದಾಗಲಿ ಅಂತ ಒಳಗೆ ನೀರು ತುಂಬುತ್ತಾರಂತೆ!
ನೀರಿನ ಮೇಲೆ ಹೋಗೋದಕ್ಕೆ ನೀರು ಹೊತ್ತುಕೊಂಡು!
ನಮ್ಮ ಬೀದಿಯಲ್ಲಾಗಿದ್ದರೆ ಇಷ್ಟಕ್ಕೆ
ಬಿಂದಿಗೆ ಬಿಂದಿಗೆ ತಾಗಿ ಜಗಳವಾಗುತ್ತಿತ್ತು.
ಪಂಪು ಗೊರ ಗೊರ ಅಂತ ಕಾಲು ಗಂಟೆ ಉಗುಳಿತು.

ಸಂಜೆ, ಏರ್‌ಪೋರ್ಟಿನ ವಿಮಾನವೊಂದು ತಲೆ ಮೇಲೆ ಚಕ್ರ ಬಿಚ್ಚುವಾಗ
ಐರೀನ್ ಎದ್ದಳು.
ಮಂಡಿ ಮಡಿಸಿ, ತೋಳು ನೆಟ್ಟಗೆ,
ಮೊದಲು ಕೆರೆಯ ಮೇಲೆ ಕುಳಿತು, ಆಮೇಲೆ ನಿಂತು.
ಹನ್ನೊಂದು ಎಣಿಸಿದೆ. ಬಿದ್ದಳು.
ಬಾಯಲ್ಲಿ ಕೆರೆ ತುಂಬಿಕೊಂಡೇ ನಕ್ಕಳು.

ನನ್ನ ಬಿಲ್ ಪುಸ್ತಕದಲ್ಲಿ ದೋಷ ಅಂತ ಒಂದು ಕಾಲಂ ಇದೆ.
ಗ್ರೀಸು ಮೆತ್ತಿದ ಕೈಯಲ್ಲೇ ಬರೆದೆ: ಎತ್ತರ.
ಸಾದತ್ ಅದನ್ನ ಉತ್ತರ ಅಂತ ಓದಿದ.
ತಿದ್ದಲಿಲ್ಲ.
ಕುಟ್ಟಪ್ಪನವರು ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿ ಕೇಳಿದರು:
ಅಲ್ಲಪ್ಪಾ, ಇದಕ್ಕೆ ಲೇಬರ್ ಎಷ್ಟು?